ಒಂದೇ ಹೆಸರಿನ ಸಿಪಾಯಿಗಳು

ಅಳಿಸಿದ್ದು ಹದಿನೇಳು ಸಾಲು. ಇದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಆ ಕ್ಷಣದಲ್ಲೇ ಕಂಪ್ಯೂಟರು ಒಂದು ಚಿಕ್ಕ ಚೌಕ ತೆರೆದು ಹೇಳಿತ್ತು: ಎರಡೆರಡು ಸಲ ಬಂದ ಹದಿನೇಳು ಸಾಲು ತೆಗೆಯಲಾಗಿದೆ, ನಾನೂರ ಹನ್ನೆರಡು ಉಳಿದಿವೆ. ನಾನು ‘ಓಕೆ’ ಒತ್ತಿದೆ. ಆ ಹದಿನೇಳು ಮಂದಿಯಲ್ಲಿ ಒಬ್ಬರು ಯಾರೆಂದು ಈಗ ತಿಳಿದಿದೆ. ಉಳಿದ ಹದಿನಾರು ಮಂದಿ ಯಾರೆಂದು ನನಗೂ ಗೊತ್ತಿಲ್ಲ, ಇನ್ನು ಮುಂದೆ ಯಾರಿಗೂ ಗೊತ್ತಾಗುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮಲೇಷ್ಯಾದ ಪೆಟಾಲಿಂಗ್ ಜಯದಲ್ಲಿ ಹಳೆಯದೊಂದು ನಾಲ್ಕು ಮಹಡಿಯ ಕಟ್ಟಡ. ಲಿಫ್ಟ್ ಇಲ್ಲ. ಮೂರನೆಯ ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಸಿಖ್ ದಂಪತಿ ಇದ್ದರು. ಗಂಡ ಸರ್ಕಾರಿ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಆಕೆ ನರ್ಸ್ ಆಗಿ ನಿವೃತ್ತರಾದವರು. ಇಬ್ಬರೂ ಹುಟ್ಟಿದ್ದು ಇಲ್ಲೇ, ಪೆರಾಕ್ ಸೀಮೆಯ ತೈಪಿಂಗ್‌ನಲ್ಲಿ. ನಾವು ಅವರನ್ನು ಅಂಕಲ್, ಆಂಟಿ ಎನ್ನುತ್ತಿದ್ದೆವು. ಅವರು ನನ್ನನ್ನು ‘ಪುತ್ತರ್’ ಎನ್ನುತ್ತಿದ್ದರು, ಮಗು ಎಂಬ ಅರ್ಥದಲ್ಲಿ. ನಮ್ಮ ಮಾತೆಲ್ಲ ಇಲ್ಲಿನ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ನಾನಿಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಾಕ್ಯದ ಕೊನೆಯ ‘ಲಾ’ ಮಾತ್ರ ಹಾಗೇ ಬಿಟ್ಟಿದ್ದೇನೆ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಕೊರೋನಾದಿಂದ ಎಲ್ಲ ಮುಚ್ಚಿತು. ಏಪ್ರಿಲಿನಲ್ಲಿ ಬರಬೇಕಿದ್ದ ವೈಶಾಖಿ ಹಬ್ಬಕ್ಕೆ ಗುರುದ್ವಾರವೂ ತೆರೆಯುವುದಿಲ್ಲ ಎಂದು ತಿಳಿದ ದಿನ ಅಂಕಲ್ ತಮ್ಮ ಗ್ರಿಲ್ ಗೇಟಿನ ಹಿಂದೆ ಕುರ್ಚಿ ಹಾಕಿ ಕೂತಿದ್ದರು. ನಾನು ಕಸದ ಚೀಲ ಹೊರಗಿಡಲು ಬಂದೆ.

“ಪುತ್ತರ್, ನಿನ್ನ ಟೈಪಿಂಗ್ ಎಷ್ಟು ಫಾಸ್ಟು?” ಎಂದು ಕೇಳಿದರು.

ಒಳಗಿನಿಂದ ಆಂಟಿಯ ದನಿ ಬಂತು: “ಹೂಂ ಅನ್ಬೇಡ ಲಾ! ಹೂಂ ಅಂದ್ರೆ ಮುಗೀತು. ನಲವತ್ತೇಳು ವರ್ಷದ ಹಿಂದೆ ನಾನು ಹೂಂ ಅಂದೆ, ಇವತ್ತಿನ ತನಕ ಒಂದು ರೆಜಿಮೆಂಟಿಗೆ ಅಡಿಗೆ ಮಾಡಿ ಹಾಕ್ತಾ ಇದೀನಿ.”

ರೆಜಿಮೆಂಟ್ ಎಂದರೆ ಏನೆಂದು ಅಂದೇ ತಿಳಿದದ್ದು. ಅಂಕಲ್ಲರ ಅಜ್ಜ ಬ್ರಿಟಿಷರ ಕಾಲದ ಸಿಖ್ ಪದಾತಿ ದಳವೊಂದರಲ್ಲಿ ಸಿಪಾಯಿ. ಪೆರಾಕಿನ ತವರದ ಗಣಿಗಳಲ್ಲಿ ಚೀನೀ ಗುಂಪುಗಳು ಹೊಡೆದಾಡುತ್ತಿದ್ದಾಗ ಅದನ್ನು ಅಡಗಿಸಲೆಂದು ಒಬ್ಬ ಬಿಳಿಯ ಅಧಿಕಾರಿ ಪಂಜಾಬಿನಿಂದ ಆಳುಗಳನ್ನು ಹಡಗಿನಲ್ಲಿ ತಂದ. ಮೊದಲು ಅವರನ್ನು ಪೊಲೀಸರೆಂದು ಕರೆದರು, ಆಮೇಲೆ ಕೆಂಪು ಕೋಟು ಕೊಟ್ಟು ದಳ ಮಾಡಿದರು. ತೈಪಿಂಗ್‌ನಲ್ಲಿ ಬ್ಯಾರಕ್ಕು ಕಟ್ಟಿದರು. ಫಿರಂಗಿ ಹೊರಲು ಹೇಸರಗತ್ತೆಗಳಿದ್ದವು. ಗುಂಡಿಗಿಂತ ಜ್ವರಕ್ಕೆ ಸತ್ತವರು ಹೆಚ್ಚು ಎಂದು ಅಂಕಲ್ ಹೇಳುತ್ತಿದ್ದರು. ಮೊದಲ ಮಹಾಯುದ್ಧ ಬಂದಾಗ, “ನಮ್ಮ ಕರಾರಿನಲ್ಲಿ ಮಲಯದಲ್ಲಿ ಮಾತ್ರ ಕೆಲಸ ಅಂತ ಇದೆ, ಸಮುದ್ರ ದಾಟಿ ಯಾಕೆ ಹೋಗಬೇಕು” ಎಂದು ಸಿಪಾಯಿಗಳು ಕೇಳಿದರು. ಕೇಳಿದ್ದೇ ತಪ್ಪಾಯಿತು. ಸಿಂಗಪುರದಲ್ಲಿ ಬೇರೊಂದು ದಳ ದಂಗೆ ಎದ್ದಾಗ ಇವರ ಮೇಲೂ ಅನುಮಾನ ಬಂತು. ಕೊನೆಗೆ ಅರೇಬಿಯಾದ ಏಡನ್ನಿನ ಮರಳಿಗೆ ಕಳಿಸಿದರು. ಯುದ್ಧ ಮುಗಿದು ತಿರುಗಿ ಬಂದವರಿಗೆ, ದಳವನ್ನೇ ಮುಚ್ಚಿದ್ದೇವೆ, ಹೋಗಿ ಬನ್ನಿ ಎಂದರು.

“ಸಾಹೇಬರಿಗೆ ತೈಪಿಂಗ್‌ನಲ್ಲಿ ಕಲ್ಲಿನ ಸಮಾಧಿ ಇದೆ, ಹೋಗಿ ನೋಡು, ಇವತ್ತೂ ಹುಲ್ಲು ಕತ್ತರಿಸ್ತಾರೆ,” ಎಂದರು ಅಂಕಲ್. “ನಮ್ಮವರನ್ನ ಸುಟ್ರು. ಬೂದಿ ಹೊಳೆಗೆ. ಅವರ ಹೆಸರು ಒಂದೇ ಕಡೆ ಇರೋದು ಇದರಲ್ಲಿ ಮಾತ್ರ.”

ಅವರ ತೊಡೆಯ ಮೇಲೆ ಎರಡು ಉದ್ದನೆಯ ಪುಸ್ತಕಗಳಿದ್ದವು, ಶಾಲೆಯ ಹಾಜರಿ ಪುಸ್ತಕಗಳು. ಮೂವತ್ತು ವರ್ಷ ಗುರುದ್ವಾರಗಳ ಹಳೆಯ ದಾಖಲೆ, ಪಿಂಚಣಿ ಕಾಗದ, ಮುದುಕಿಯರ ನೆನಪು, ಇವುಗಳಿಂದ ಹೆಕ್ಕಿ ಹೆಕ್ಕಿ ಅವುಗಳಲ್ಲಿ ತುಂಬಿದ್ದರು. ಪ್ರತಿ ವೈಶಾಖಿಗೆ ಗುರುದ್ವಾರದ ಊಟದ ಹಜಾರದಲ್ಲಿ ನಿಂತು ಅಷ್ಟೂ ಹೆಸರು ಓದುವುದು ಅವರ ಪದ್ಧತಿ. ಕೇಳುವವರು ಯಾರು ಎಂದರೆ ಆಂಟಿ ನಗುತ್ತಿದ್ದರು: “ರೊಟ್ಟಿ ಲಟ್ಟಿಸೋ ಹೆಂಗಸರು. ಎದ್ದು ಹೋಗೋಕೆ ಆಗಲ್ವಲ್ಲ, ಕೈ ತುಂಬಾ ಹಿಟ್ಟು.”

ಆ ವರ್ಷ ಓದಲು ಜಾಗವಿರಲಿಲ್ಲ. ಅವರ ಕಣ್ಣಿಗೆ ಪೊರೆ ಬಂದಿತ್ತು. ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯವರು ಮುಂದಕ್ಕೆ ಹಾಕಿದ್ದರು. ತಾವೇ ಬರೆದ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಹೆಸರೆಲ್ಲ ಕಂಪ್ಯೂಟರಿಗೆ ಸೇರಿದರೆ ಎಲ್ಲ ಕುಟುಂಬಗಳಿಗೂ ಕಳಿಸಬಹುದು ಎಂಬುದು ಅವರ ಆಸೆ. ನಾನು ಒಪ್ಪಿದೆ.

ಅವರು ತಮ್ಮ ಬಾಗಿಲಲ್ಲಿ, ನಾನು ನನ್ನ ಬಾಗಿಲಲ್ಲಿ, ನಡುವೆ ಎರಡು ಗ್ರಿಲ್ ಗೇಟು ಮತ್ತು ಓಣಿ. ಸಂಜೆ ಆರರಿಂದ ಏಳು. ನಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪ್ ಮಾಡುತ್ತಿದ್ದೆ. ಅವರು ಮೂರು ಸಂಗತಿ ಓದುತ್ತಿದ್ದರು: ಹೆಸರು, ಊರು, ಕೊನೆಗೆ ಏನಾದ. ಗಣಿಯಲ್ಲಿ ಕಾವಲುಗಾರನಾದ. ಎತ್ತಿನ ಗಾಡಿ ಹೊಡೆದ. ಹಾಲು ಮಾರಿದ. ಪಂಜಾಬಿಗೆ ಹಿಂತಿರುಗಿದ. ಜ್ವರ. ಸಿಪಾಯಿಯ ನಂಬರು ಮತ್ತು ಜಿಲ್ಲೆ ಎರಡನೆಯ ಪುಸ್ತಕದಲ್ಲಿದ್ದವು. “ಅದು ಆಮೇಲೆ. ಕಣ್ಣು ಸರಿಯಾಗಲಿ, ನಾನೇ ಕೂತು ಹೊಂದಿಸ್ತೀನಿ,” ಎಂದರು. ನಾನು ಆ ಎರಡು ಕಂಬಸಾಲುಗಳನ್ನು ಖಾಲಿ ಬಿಟ್ಟೆ.

ನನ್ನ ಗಂಡ ಒಳಗಿನಿಂದ ಕೂಗುತ್ತಿದ್ದ: “ಏನೇ, ಪರೇಡ್ ಮುಗೀತಾ? ಊಟ ಇದೆಯಾ, ಇಲ್ಲ ಮಾಮಕ್ ಹೋಟೆಲಿಂದ ತಪಾವ್ ಮಾಡಿಸಿ ಕಟ್ಟಿಸ್ಕೊಂಡು ಬರ್ಲಾ?”

ಅಜ್ಜನ ಹೆಸರು ಬಂದ ದಿನ ಅಂಕಲ್ ತಲೆ ಎತ್ತಿ, “ಇದು ನಮ್ಮ ಅಜ್ಜ,” ಎಂದಿದ್ದರು. ತವರದ ಗಣಿಯಲ್ಲಿ ಕಾವಲುಗಾರ, ಮುಪ್ಪಿನಲ್ಲಿ ಹಗ್ಗದ ಮಂಚದ ಮೇಲೆ ಸತ್ತರು. ಬೀಸಣಿಗೆ ಬೀಸುತ್ತ ಪಕ್ಕದಲ್ಲಿ ಕೂತಿದ್ದವರು ತಾವೇ ಎಂದೂ ಹೇಳಿದ್ದರು.

ಸುಮಾರು ಮೂರು ತಿಂಗಳ ನಂತರ, ಜುಲೈ ಇರಬೇಕು, ಅದೇ ಹೆಸರು, ಅದೇ ಊರು ಮತ್ತೆ ಓದಿದರು. “ಏಡನ್. ಇನ್‌ಫ್ಲುಯೆಂಜಾ.”

ನನ್ನ ಬೆರಳು ನಿಂತಿತು. ಆ ಹೊತ್ತಿಗೆ ಇಂಥ ಹೆಸರುಗಳು ಹತ್ತಾರು ಸಲ ಬಂದಿದ್ದವು. ಹಿಂದೆ ಬರೆದಂತೆ ಅನ್ನಿಸುವ ಹೆಸರು, ಹಿಂದೆ ಬರೆದಂತೆ ಅನ್ನಿಸುವ ಊರು. ನಾನು ಸುಮ್ಮನೆ ಟೈಪ್ ಮಾಡಿಕೊಂಡು ಬಂದಿದ್ದೆ. ಆದರೆ ಇದು ಅವರ ಸ್ವಂತ ಅಜ್ಜ. ಮಂಚದ ಮೇಲೆ ಸತ್ತವರನ್ನು ಇವತ್ತು ಏಡನ್ನಿನಲ್ಲಿ ಸಾಯಿಸಿದರು. ಅಂಕಲ್ಲರ ಮುಖ ನೋಡಿದೆ. ಅವರು ಪುಟ ತಿರುವುತ್ತಿದ್ದರು. ಒಳಗಿನಿಂದ ಆಂಟಿ, “ಓದಿದ್ರಾ?” ಎಂದರು. ಅಂಕಲ್, “ಓದಿದೆ,” ಎಂದರು. ಆಂಟಿ ಬಾಗಿಲಿಗೆ ಬಂದು, ದುಪಟ್ಟಾ ತಲೆಯ ಮೇಲೆಳೆದುಕೊಂಡು, ಕೈ ಜೋಡಿಸಿ ಒಂದು ಕ್ಷಣ ನಿಂತು ಒಳಗೆ ಹೋದರು. ಇದನ್ನು ನಾನು ಕಣ್ಣಾರೆ ನೋಡಿದೆ. ಗಂಡನ ಅಜ್ಜನಿಗೆ ಕೈ ಮುಗಿದರು ಎಂದುಕೊಂಡೆ.

ಕೇಳಿದ್ದರೆ ಅರ್ಧ ನಿಮಿಷದ ಮಾತು. ನಾನು ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂಬುದನ್ನೂ ಬರೆಯಬೇಕು. ಆ ವಾರ ಅವರು ನನ್ನನ್ನು, ಟೀ ಆಯಿತಾ ಎಂದು ಎರಡು ಸಲ ಕೇಳಿದ್ದರು. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕಿದ್ದರು. ಎಪ್ಪತ್ತೆಂಟು ವರ್ಷದ ಯಾರೇ ಆದರೂ ಮಾಡುವಂಥವು. ಇನ್ನೊಂದು ಕಾರಣ ನನ್ನ ಕೆಲಸ. ಸೈಬರ್‌ಜಯದ ಕಂಪನಿಯೊಂದರಲ್ಲಿ ನಾನು ಮಾಡುವುದು ಗ್ರಾಹಕರ ಪಟ್ಟಿಗಳನ್ನು ಶುದ್ಧ ಮಾಡುವ ಕೆಲಸ. ಒಬ್ಬನೇ ಮನುಷ್ಯ ಎರಡು ಕಡೆ ಇದ್ದರೆ ಒಂದನ್ನು ತೆಗೆಯಬೇಕು. ಮೂರನೆಯ ಕಾರಣ ಊರಿನದು. ನಾನು ಮೈಸೂರಿನವಳು. ನಮ್ಮ ಕಡೆ ಹೆಸರಿನ ಮುಂದೆ ಊರಿನ ಇನಿಷಿಯಲ್ ಕೂತರೆ ಆಳು ಯಾರೆಂದು ತೀರ್ಮಾನವಾದಂತೆ. ಹೆಸರೂ ಊರೂ ಎರಡೂ ಒಂದೇ ಆಗಿರುವ ಇಬ್ಬರು ಇರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಗಂಡನಿಗೆ ಹೇಳಿದೆ: “ಅಂಕಲ್‌ಗೆ ಮರೆವು ಶುರುವಾಗಿದೆ ಕಣ್ರೀ. ಓದಿದ್ದನ್ನೇ ಓದ್ತಾರೆ. ಅಜ್ಜನ್ನೂ ಎರಡು ಸಲ ಸಾಯಿಸಿದ್ರು.”

“ಅವರಿಗೆ ಹೇಳಿದ್ಯಾ?”

“ಹೇಗೆ ಹೇಳೋದು? ಮೇಷ್ಟ್ರು. ನೊಂದ್ಕೋತಾರೆ.”

“ಹಾಗಾದ್ರೆ ಹೇಳ್ಬೇಡ. ಸುಮ್ನೆ ನೀನೇ ಸರಿ ಮಾಡ್ಬಿಡು.”

ಹಾಗೇ ಮಾಡಿದೆ. ಪಟ್ಟಿ ಮುಗಿದ ವಾರ ಹೆಸರು ಮತ್ತು ಊರು ಎರಡನ್ನೂ ಗುರುತು ಹಾಕಿ, ಮತ್ತೆ ಬಂದವನ್ನು ತೆಗೆಯುವ ಗುಂಡಿ ಒತ್ತಿದೆ. ಮೊದಲು ಬಂದ ಸಾಲು ಉಳಿಯುತ್ತದೆ, ಆಮೇಲೆ ಬಂದದ್ದು ಹೋಗುತ್ತದೆ. ಆಫೀಸಿನಲ್ಲಿ ಮೂಲ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳದೆ ನಾನು ಇಂಥ ಕೆಲಸಕ್ಕೆ ಎಂದೂ ಕೈ ಹಾಕಿದವಳಲ್ಲ. ಮನೆಯಲ್ಲಿ ಅದೇ ಫೈಲಿನ ಮೇಲೆ ಉಳಿಸಿದೆ. ಅವರ ಮಾನ ಕಾಪಾಡಿದೆ ಎಂಬ ಸಮಾಧಾನದಿಂದ ಮಲಗಿದೆ.

ಮುಂದಿನ ವೈಶಾಖಿಗೆ ಪಟ್ಟಿಯನ್ನು ಮುದ್ರಿಸಿ ಕೊಟ್ಟೆ. ಅಂಕಲ್ ಕಾಗದಗಳನ್ನು ಮೂಗಿನ ಹತ್ತಿರ ಹಿಡಿದು, ಓದಲಾಗದೆ, ಅಂಗೈಯಿಂದ ಸವರಿದರು. “ಆಪರೇಷನ್ ಆಗ್ಲಿ, ಪುಸ್ತಕದ ಜೊತೆ ಇಟ್ಟು ಒಂದೊಂದೇ ಟಿಕ್ ಹಾಕ್ತೀನಿ. ಒಬ್ಬನೂ ತಪ್ಪಬಾರದು ನೋಡು,” ಎಂದರು.

ಆಪರೇಷನ್ ಆಗಲಿಲ್ಲ. ಎರಡು ಸಾವಿರದ ಇಪ್ಪತ್ತೊಂದರ ಜುಲೈಯಲ್ಲಿ ಇಬ್ಬರಿಗೂ ಸೋಂಕು ತಗಲಿತು. ಎಲ್ಲಿಂದ ಬಂತೆಂದು ಗೊತ್ತಾಗಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಗಳ ಕಿಟಕಿಗಳಲ್ಲಿ ಆಗ ಬಿಳಿ ಬಟ್ಟೆಗಳು ತೂಗುತ್ತಿದ್ದವು, ಅಕ್ಕಿ ಮುಗಿದಿದೆ ಎಂಬ ಗುರುತಿಗೆ. ಆಂಬುಲೆನ್ಸಿಗೆ ಐದು ಗಂಟೆ ಕಾದೆವು. ಅಂಕಲ್ ಮೆಟ್ಟಿಲಲ್ಲಿ ಇಳಿಯುವಾಗ ಪ್ರತಿ ಮಹಡಿಯಲ್ಲೂ ನಿಂತು ಉಸಿರೆಳೆದುಕೊಂಡರು. ನಾನು ಗ್ರಿಲ್ ಹಿಡಿದು ಮೇಲಿನಿಂದ ನೋಡಿದೆ. ಬಿಳಿ ಪೇಟ ಒಂದೊಂದೇ ತಿರುವಿನಲ್ಲಿ ಕಾಣಿಸಿ ಮರೆಯಾಯಿತು. ಎಂಟನೆಯ ದಿನ ಅವರು ತೀರಿಕೊಂಡರು. ಆಂಟಿ ಅದೇ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ ಆಕ್ಸಿಜನ್ ಮೇಲಿದ್ದರು. ಆಂಟಿಗೆ ಅವರನ್ನು ತೋರಿಸಲಿಲ್ಲ.

ಅಂಕಲ್ಲರ ಅಣ್ಣನ ಮಗ ಕ್ಲಾಂಗ್ ಬಂದರಿನಲ್ಲಿ ಕೆಲಸದಲ್ಲಿದ್ದ. ಆಂಟಿ ಮನೆಗೆ ಬರುವ ಮೊದಲು ಮನೆಗೆ ಔಷಧಿ ಸಿಂಪಡಿಸಲು ಆಳುಗಳನ್ನು ಕರೆತಂದ. ಪಕ್ಕದ ಮನೆಯಿಂದಲೇ ನನಗೆ ಫೋನು ಮಾಡಿದ. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಅದನ್ನು ಮ್ಯೂಟ್ ಮಾಡಿ ಫೋನೆತ್ತಿದೆ.

“ಮಂಚದ ಪಕ್ಕ ಹಳೇ ಪುಸ್ತಕ ಎರಡಿದೆ. ಚಿಕ್ಕಪ್ಪ ಕೊನೇ ದಿನಗಳಲ್ಲಿ ಪಕ್ಕದಲ್ಲೇ ಇಟ್ಕೊಂಡು ಮಲಗಿದ್ರು, ಕೆಮ್ಮಿ ಕೆಮ್ಮಿ ಕಲೆಯಾಗಿದೆ. ಚಿಕ್ಕಮ್ಮನ ಶ್ವಾಸಕೋಶ ಹಾಳಾಗಿದೆ, ಇಂಥದ್ದು ಇಟ್ಕೊಳ್ಬಾರ್ದು ಅಂತಿದಾರೆ ಇವರು. ನೀವು ಎಲ್ಲಾ ಕಂಪ್ಯೂಟರಿಗೆ ಹಾಕಿದೀರಂತೆ ಅಲ್ವಾ?”

“ಹೌದು,” ಎಂದೆ, “ಎಲ್ಲಾ ಇದೆ.”

ನಂಬರುಗಳಿರಲಿಲ್ಲ. ಜಿಲ್ಲೆಗಳಿರಲಿಲ್ಲ. ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಆದರೆ ಸಾಯುವ ಕಾಯಿಲೆಯ ನಡುವೆ ನಂಬರಿಗೇನು ಬೆಲೆ ಅನ್ನಿಸಿತು. ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರು. ಸಂಜೆ ಹೊರಗೆ ಬಂದಾಗ ಓಣಿಯಲ್ಲಿದ್ದ ಸೋಂಕಿನ ಕಸದ ಹಳದಿ ಚೀಲಗಳನ್ನು, ಪುಸ್ತಕಗಳ ಸಮೇತ, ಒಯ್ದಾಗಿತ್ತು. ಅವನ್ನು ಸುಡುತ್ತಾರೆಂದು ನನಗೆ ಗೊತ್ತಿತ್ತು.

ಆಂಟಿ ಬಂದ ನಾಲ್ಕನೆಯ ದಿನ ಗ್ರಿಲ್ ಹತ್ತಿರ ಕರೆದರು. ಮೂಗಿನಲ್ಲಿ ಕೊಳವೆ, ಹಿಂದೆ ಗುರ್ ಎನ್ನುವ ಯಂತ್ರ. ಅರ್ಧ ಆಳಾಗಿದ್ದರು. ಭಾನುವಾರ ಭೋಗ್ ಇದೆ ಎಂದರು. ಸತ್ತವರಿಗಾಗಿ ಗ್ರಂಥ ಓದಿ ಮುಗಿಸುವ ದಿನ. ಎಲ್ಲರೂ ಝೂಮಿನಲ್ಲಿ ಸೇರುತ್ತಾರೆ.

“ಪ್ರಾರ್ಥನೆ ಆದ್ಮೇಲೆ ನೀನು ಪಟ್ಟಿ ಓದ್ಬೇಕು. ಅವರಿಗೆ ಅದೇ ಬೇಕಾಗಿದ್ದು. ಅವರ ಅಜ್ಜನ್ನ ಮೊದಲು ಓದು, ಮುಂದಿನ ಉಸಿರಿಗೇ ನಮ್ಮ ಅಜ್ಜನ್ನ ಓದು. ವೈಶಾಖಿಲಿ ಅವರು ಹಾಗೇ ಓದ್ತಿದ್ದಿದ್ದು.”

“ನಿಮ್ಮ ಅಜ್ಜನೂ ಅದೇ ದಳದಲ್ಲಿದ್ರಾ ಆಂಟಿ?”

“ಅಯ್ಯೋ ಹುಡುಗಿ, ಆ ಹೆಸರು ನೀನೇ ಟೈಪ್ ಮಾಡಿದೀಯಲ್ಲ! ಇಬ್ಬರದೂ ಒಂದೇ ಹೆಸರು. ಊರಿಗೂ ಒಂದೇ ಹೆಸರು, ಆದರೆ ಜಿಲ್ಲೆ ಬೇರೆ. ಪಂಜಾಬಿನಲ್ಲಿ ಒಂದೇ ಹೆಸರಿನ ಹಳ್ಳಿ ಎಷ್ಟು ಬೇಕು ನಿಂಗೆ? ಸಾಹೇಬರು ನಂಬರಿನಿಂದ ಕರೀತಿದ್ರು. ಆದರೆ ಊರಿಂದ ಬರೋ ಕಾಗದದ ಮೇಲೆ ನಂಬರು ಯಾರು ಬರೀತಾರೆ? ಇವನ ಕಾಗದ ಅವನಿಗೆ, ಅವನದು ಇವನಿಗೆ. ನಮ್ಮ ಮನೇಲಿ ಎಮ್ಮೆ ಸತ್ತಿದ್ದಕ್ಕೆ ಇವರ ಅಜ್ಜ ಎರಡು ದಿನ ಊಟ ಬಿಟ್ಟು ಅತ್ತಿದ್ರಂತೆ ಲಾ!” ನಗಲು ಹೋಗಿ ಕೆಮ್ಮು ಬಂತು. ತಡೆದುಕೊಂಡು ಮುಂದುವರಿಸಿದರು. “ಹಾಗೆ ಕಾಗದ ಬದಲಾಯಿಸ್ಕೊಳ್ತಾ ಸ್ನೇಹಿತರಾದ್ರು. ನಮ್ಮ ಅಜ್ಜ ಏಡನ್ನಲ್ಲಿ ಆಗಿನ ಫ್ಲೂ ಜ್ವರಕ್ಕೆ ಹೋದ್ರು. ಅವರ ಮಗನ್ನ, ನಮ್ಮಪ್ಪನ್ನ, ಇವರ ಅಜ್ಜನೇ ಇಲ್ಲಿಗೆ ಕರೆಸಿ ಸಾಕಿದ್ದು. ಇಲ್ಲದೇ ಇದ್ರೆ ಈ ಮೇಷ್ಟ್ರು ನನಗೆಲ್ಲಿ ಸಿಗ್ತಿದ್ರು?”

ನಾನು ಏನು ಹೇಳಿ ಒಳಗೆ ಬಂದೆನೋ ನೆನಪಿಲ್ಲ. ಫೈಲು ತೆರೆದು ಹುಡುಕಿದೆ. ಆ ಹೆಸರು, ಆ ಊರು, ಒಂದು ಸಾಲು. ಕಾವಲುಗಾರ, ಮಂಚ. ಏಡನ್ ಇಲ್ಲ. ಆಮೇಲೆ ಹದಿನೇಳು ಎಂಬ ಸಂಖ್ಯೆ ನೆನಪಾಯಿತು. ಗಂಡ ಮತ್ತು ನಾನು ಶುಕ್ರವಾರ ಬೆಳಿಗ್ಗೆಯೆಲ್ಲ ಹಳೆಯ ಪ್ರತಿಗಾಗಿ ಲ್ಯಾಪ್‌ಟಾಪ್ ಜಾಲಾಡಿದೆವು. ಸಿಗಲಿಲ್ಲ. “ಸುಮ್ನೆ ಸರಿ ಮಾಡ್ಬಿಡು ಅಂದಿದ್ದು ನಾನೇ,” ಎಂದ ಅವನು.

ಆಂಟಿಯ ಅಜ್ಜನ ಸಾಲನ್ನು ನಾನು ಮತ್ತೆ ಸೇರಿಸಬಹುದಿತ್ತು. ಸೇರಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಧ್ಯಾಹ್ನವಿಡೀ ಹಾಗೇ ಮಾಡುವವಳಿದ್ದೆ. ಐದು ಗಂಟೆಗೆ ಎದ್ದು ಹೋಗಿ ಗ್ರಿಲ್ ಹಿಡಿದು ನಿಂತು ಎಲ್ಲ ಹೇಳಿದೆ. ಅಳಿಸಿದ್ದು, ‘ಎಲ್ಲಾ ಇದೆ’ ಎಂದು ಪುಸ್ತಕ ಒಯ್ಯಲು ಬಿಟ್ಟದ್ದು, ಎರಡೂ.

ಆಂಟಿ ಮೂಗಿನ ಕೊಳವೆ ಸರಿಪಡಿಸಿಕೊಂಡರು. ಯಂತ್ರದ ಸದ್ದು ಕೇಳುತ್ತಿತ್ತು.

“ಅವರ ತಲೆ ಕೆಟ್ಟಿದೆ ಅಂದ್ಕೊಂಡೆಯಾ?” ಎಂದರು.

ತಮ್ಮ ಅಜ್ಜನ ಬಗ್ಗೆ ಕೇಳುತ್ತಾರೆಂದು ನಾನು ಅಂದುಕೊಂಡಿದ್ದೆ.

“ಆಂಬುಲೆನ್ಸ್ ಬರೋ ತನಕ ಅವರು ಆ ಹೆಸರೆಲ್ಲ ಬಾಯಲ್ಲೇ ಹೇಳ್ತಿದ್ರು. ಪುಸ್ತಕ ತೆಗೆದೇ ಇರ್ಲಿಲ್ಲ. ಒಂದೂ ತಪ್ಪಿಲ್ಲ. ಅಂಥವರನ್ನ ನೀನು...” ಅಷ್ಟಕ್ಕೆ ಉಸಿರು ಸಾಲಲಿಲ್ಲ. ಬಾಗಿಲು ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ನಾನು ಗ್ರಿಲ್ಲಿಗೆ ತೂಗು ಹಾಕಿದ ಗಂಜಿಯ ಡಬ್ಬಿ ಮಧ್ಯಾಹ್ನವೂ ಹಾಗೇ ಇತ್ತು. ಸಂಜೆ ಫೋನು ಬಂತು.

“ನಾಳೆ ಓದು,” ಎಂದರು. “ಯಾರು ಹೋಗಿದಾರೆ ಅಂತ ಗೊತ್ತಿಲ್ಲ ತಾನೆ?”

“ಗೊತ್ತಿಲ್ಲ ಆಂಟಿ.”

“ಹಾಗಾದ್ರೆ ಎಲ್ಲರ ಹೆಸರನ್ನೂ ಎರಡೆರಡು ಸಲ ಓದು. ನಾನೂರ ಹನ್ನೆರಡನ್ನೂ. ಯಾರೂ ಬಿಟ್ಟುಹೋಗಬಾರದು.”

“ಕೆಲವರು ಮೂರು ಮಂದಿ ಇದ್ದಿರಬಹುದು...”

“ಮೂರನೆಯವನಿಗೆ ನಾನು ಹೋಗಿ ಉತ್ತರ ಹೇಳ್ಕೋತೀನಿ. ನೀನು ಓದು.”

ಭಾನುವಾರ ಓದಿದೆ. ಅವರ ಅಜ್ಜ, ಗಣಿಯ ಕಾವಲುಗಾರ. ಮುಂದಿನ ಉಸಿರಿಗೆ ಅದೇ ಹೆಸರು, ಅದೇ ಊರು, ಏಡನ್, ಇನ್‌ಫ್ಲುಯೆಂಜಾ. ಪರದೆಯಲ್ಲಿ ಮೊದಲು ಮೂವತ್ತೈದು ಚೌಕಗಳಿದ್ದವು. ಯಾರೋ, “ಯಾಕೆ ಎರಡು ಸಲ ಬರ್ತಿದೆ, ಲೈನ್ ಸರಿ ಇಲ್ವಾ?” ಎಂದು ಕೇಳಿದರು. ಅಣ್ಣನ ಮಗ ಅವರನ್ನು ಮ್ಯೂಟ್ ಮಾಡಿದ. ಒಂದು ಗಂಟೆ ಕಳೆಯುವ ಹೊತ್ತಿಗೆ ಹನ್ನೆರಡು ಚೌಕ, ಆಮೇಲೆ ಐದು. ಆಂಟಿ ದುಪಟ್ಟಾ ತಲೆಯ ಮೇಲೆಳೆದುಕೊಂಡು ಗೋಡೆಗೆ ಒರಗಿ ಕೂತಿದ್ದರು.

ಮೊದಲ ಸಲ ಓದುವಾಗ ಹೆಸರು, ಊರು, ಏನಾದ ಎಂಬುದು ಇರುತ್ತಿತ್ತು. ಹಾಲು ಮಾರಿದ. ಗಾಡಿ ಹೊಡೆದ. ಎರಡನೆಯ ಸಲ ಹೆಸರು ಮತ್ತು ಊರು ಓದಿದ ಮೇಲೆ ಹೇಳಲು ಏನೂ ಇರಲಿಲ್ಲ. ಅಲ್ಲಿ ಇನ್ನೊಬ್ಬ ಇದ್ದನೋ ಇಲ್ಲವೋ, ಇದ್ದಿದ್ದರೆ ಹಾಲು ಮಾರಿದನೋ, ಜ್ವರದಲ್ಲಿ ಸತ್ತನೋ, ಹಡಗು ಹತ್ತಿ ಊರು ಸೇರಿದನೋ. ಮುನ್ನೂರು ದಾಟಿದ ಮೇಲೆ ಒಂದು ಹೆಸರಿನ ಎರಡನೆಯ ಸಲಕ್ಕೆ ಬಂದಾಗ ನಾನು ನಿಲ್ಲಿಸಿಬಿಟ್ಟೆ. ಕೆಳಗೆ ನೋಡುತ್ತ ಕೂತೆ.

“ನಿಲ್ಲಿಸ್ಬೇಡ,” ಎಂದರು ಆಂಟಿ. “ಮುಂದಿನವರು ಕಾಯ್ತಿದಾರೆ.”

ನಾನು ಮುಂದಿನ ಹೆಸರು ಓದಿದೆ, ಮತ್ತೆ ಅದನ್ನೇ ಓದಿದೆ.